ವಿಂದಾಲೂನಲ್ಲಿ ಆಲೂ ಎಲ್ಲಿದೆ?

ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ನಮ್ಮ ‘ಮೂಲಮನೆ’ ಗುಂಪಿಗೆ ಗೋವಾದ ಖಾರದ ಅಡುಗೆ ವಿಂದಾಲೂ ಬಗ್ಗೆ ಒಂದು ಫಾರ್ವರ್ಡ್ ತಳ್ಳಿದರು.

“ನಿಮಗಿದು ಗೊತ್ತೇ? ವಿಂದಾಲೂ = ವಿನೆಗರ್ + ಆಲೂ! ನಮ್ಮ ಆಲೂಗಡ್ಡೆ ಪಲ್ಯವನ್ನೇ ಪೋರ್ಚುಗೀಸರು ಕದ್ದು ಹೆಸರು ಬದಲಿಸಿದರು. ಹೆಮ್ಮೆಯಿಂದ ಹತ್ತು ಜನರಿಗೆ ಕಳುಹಿಸಿ.”

ರಘು ಅಣ್ಣ: ಎಲ್ಲಿ ಸಿಕ್ಕಿತು ಚಿಕ್ಕಪ್ಪ ಇದು? ಅದು ಪೋರ್ಚುಗೀಸಿನ ‘ವಿನ್ಯ ದಾಲ್ಯುಶ್’. ವಿನ್ಯು ಅಂದರೆ ವೈನ್, ಆಲ್ಯು ಅಂದರೆ ಬೆಳ್ಳುಳ್ಳಿ. ಎರಡರಲ್ಲೂ ಹಂದಿಮಾಂಸ ನೆನೆಹಾಕುವುದು. ಮದೇರಾ ದ್ವೀಪದಲ್ಲಿ ಈಗಲೂ ಕ್ರಿಸ್ಮಸ್‌ಗೆ ಮಾಡುತ್ತಾರೆ. ಗೋವಾದಲ್ಲಿ ವೈನ್ ಹೋಗಿ ಕಳ್ಳಿನ ವಿನೆಗರ್ ಬಂತು, ಕೆಂಪು ಮೆಣಸು ಸೇರಿತು. ಆಲೂಗಡ್ಡೆಯನ್ನು ಇಲ್ಲಿಗೆ ತಂದವರೇ ಪೋರ್ಚುಗೀಸರು. ಇನ್ನು ಕದಿಯುವುದೇನು?

ದೊಡ್ಡಪ್ಪ: ಬೆಳಿಗ್ಗೆ ಬೆಳಿಗ್ಗೆ ಹಂದಿ, ಕಳ್ಳು! ಇಲ್ಲಿ ಇನ್ನೂ ಪೂಜೆ ಆಗಿಲ್ಲ. ಗುಂಪಿನಲ್ಲಿ ಹಿರಿಯರಿದ್ದಾರೆ ಅನ್ನುವ ನೆನಪಿರಲಿ.

ಚಿಕ್ಕಪ್ಪ: ನಾನು ಏನು ಕಳಿಸಿದರೂ ಇವನಿಗೆ ತಪ್ಪೇ. ಅರಿಶಿನದ್ದು ಕಳಿಸಿದಾಗಲೂ ಹೀಗೇ ಮಾಡಿದ.

ಸುಮಕ್ಕ: ಅಯ್ಯೋ, ಅಜ್ಜಿ ಮಾಡ್ತಿದ್ದ ಬಟಾಟೆ ಪೋಡಿ, ಅದೇ ಆಲೂಗಡ್ಡೆ ಬಜ್ಜಿ, ನೆನಪಾಯ್ತು! ಹೊರಗೆ ಜೋರು ಮಳೆ, ಜಗಲಿಯಲ್ಲಿ ನಾವೆಲ್ಲ ಸಾಲಾಗಿ. ನಮ್ಮ ಪಕ್ಕದ ಮನೆಯ ಗೋವಾದವರೂ ಬಟಾಟ ಅಂತಲೇ ಹೇಳೋದು, ಗೊತ್ತಾ?

ಉತ್ತರ ಇಲ್ಲೇ ಇತ್ತು, ಅಲ್ವಾ? ಪೋರ್ಚುಗೀಸಿನಲ್ಲೂ ಬಟಾಟ, ಕೊಂಕಣಿಯಲ್ಲೂ ಬಟಾಟ. ಅಂಥ ಊರಿನ ಅಡುಗೆಗೆ ಹಿಂದಿಯ ಆಲೂ ಎಲ್ಲಿಂದ ಬರಬೇಕು? ಇದನ್ನೇ ಗುಂಪಿನಲ್ಲಿ ಬರೆದೆ. ಎಲ್ಲರೂ ಪೋಡಿಗೆ ಹಾರ್ಟ್ ಒತ್ತುವುದರಲ್ಲಿದ್ದರು.

ಆಮೇಲೆ ಗುಂಪಿನಲ್ಲಿ ಬಾಯಿ ಬಿಡುವುದೇ ಅಪರೂಪವಾದ ದೊಡ್ಡಮ್ಮ ಬಂದರು.

ದೊಡ್ಡಮ್ಮ: ರಘು, ಬೆಳ್ಳುಳ್ಳಿ ಅಂದೆಯಾ? ನಿನ್ನ ರಿಸೆಪ್ಷನ್‌ನಲ್ಲಿ ‘ವೆಜ್ ವಿಂದಾಲೂ’ ಇತ್ತಲ್ಲ. ಸುಮ್ನೆ ಆಲೂಗಡ್ಡೆ ಅಂದುಕೊಂಡು ಮತ್ತೆ ಹಾಕಿಸಿಕೊಂಡಿದ್ದೆ ನಾನು.

ದೊಡ್ಡಪ್ಪ: ಈರುಳ್ಳಿ ಬೆಳ್ಳುಳ್ಳಿ ಮುಟ್ಟದವಳು! ಮೆನು ನೋಡಿಕೊಂಡವರು ಯಾರು?

ರಘು ಅಣ್ಣ: ಚಿಕ್ಕಪ್ಪ.

ಚಿಕ್ಕಪ್ಪ: ನಾನು ಸಾರು, ಹೋಳಿಗೆ ಅಷ್ಟೇ ಹೇಳಿದ್ದು. ಉಳಿದದ್ದೆಲ್ಲ ಹುಡುಗಿ ಕಡೆಯವರದ್ದು.

ಅತ್ತಿಗೆ: ಹುಡುಗಿ ಕಡೆಯವರು ಇದೇ ಗುಂಪಿನಲ್ಲಿದ್ದಾರೆ, ಚಿಕ್ಕ ಮಾವ. ನೀವು ಸಹಿ ಮಾಡಿದ ಮೆನು ನನ್ನ ಫೋನಿನಲ್ಲಿದೆ. ಹಾಕಲಾ?