ನೆನಪು ಗಟ್ಟಿ ಇದೆ, ನಡತೆ ಬದಲಾಗಿದೆ: ಮಾವನವರನ್ನ ಯಾರಿಗೆ ತೋರಿಸೋದು?

ಪ್ರಶ್ನೆ (ಸೊಸೆ, ಮಂಡ್ಯ): ನಮಸ್ಕಾರ ಡಾಕ್ಟ್ರೇ. ನಮ್ಮ ಮಾವನವರಿಗೆ 63. ಆಲೆಮನೆ ನಡೆಸಿದವರು. ಬೆಳಗ್ಗೆ ಎದ್ದು ಮಾರ್ಕೆಟ್ಟಿಗೆ ಫೋನ್ ಹಚ್ಚಿ ಬೆಲ್ಲದ ರೇಟು ಕೇಳದೆ ಕಾಫಿ ಕುಡಿದವರಲ್ಲ. ಒಂದು ವರ್ಷದಿಂದ ಆ ಫೋನೇ ಇಲ್ಲ. ನಮ್ಮವರೇ ರೇಟು ಹೇಳಿದರೂ ‘ಹೂಂ’ ಅಂದು ಟೀವಿ ಕಡೆ ತಿರುಗ್ತಾರೆ. ಬೇಜಾರಾ ಅಂದರೆ ‘ನಂಗೇನಾಗಿದೆ’ ಅಂತಾರೆ. ಆಳು ಅಚ್ಚಿನ ಮಣೆ ಕದ್ದ ಅಂತ ಒಂದೇ ಹಟ, ಮಣೆ ಗೋಡೆಗೆ ಒರಗಿಕೊಂಡು ಕಣ್ಣೆದುರಿಗೇ ಇದೆ. ಮೊನ್ನೆ ಬೀಗರೂಟದಲ್ಲಿ ಪಕ್ಕದವರ ಎಲೆಯಿಂದ ಮಾಂಸದ ತುಂಡು ಎತ್ತಿ ಬಾಯಿಗೆ ಹಾಕ್ಕೊಂಡರು. ಪಂಕ್ತಿಗೆಲ್ಲ ಬಡಿಸೋವರೆಗೂ ಎಲೆ ಮುಟ್ಟದ ಮನುಷ್ಯ ಅದು. ನೆನಪು ಮಾತ್ರ ಗಟ್ಟಿ, ಯಾವ ವರ್ಷ ನಾಲೆಗೆ ನೀರು ಬಿಡಲಿಲ್ಲ ಅನ್ನೋದನ್ನೂ ಹೇಳ್ತಾರೆ. ಒಂದು ಕಡೆ ತೋರಿಸಿದೆವು, ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 27 ಬಂತು, ಏನಿಲ್ಲ ಅಂದರು. ಅತ್ತೆಯೂ ‘ಅರವತ್ತಕ್ಕೆ ಅರಳುಮರಳು, ಬಿಡು’ ಅಂತಾರೆ. ಬಿಡೋದಾ?

ಉತ್ತರ (ಮನೋವೈದ್ಯರು, ಮೈಸೂರು): ಬಿಡಬೇಡಮ್ಮ. 27 ಬಂತು ಅಂತ ವಾಪಸ್ ಕಳಿಸೋದು ನನಗೆ ಸರಿ ಕಾಣಲ್ಲ. ಆ ಪರೀಕ್ಷೆ ತಾರೀಖು ಯಾವುದು, ಊರು ಯಾವುದು ಅಂತ ಕೇಳುತ್ತೆ, ಲೆಕ್ಕ ಮಾಡಿಸುತ್ತೆ, ಚಿತ್ರ ಬರೆಸುತ್ತೆ. ಪಕ್ಕದವರ ಎಲೆಗೆ ಕೈ ಹಾಕ್ತೀರಾ ಅಂತ ಕೇಳಲ್ಲ. ಕೆಲವು ಮರೆವಿನ ಕಾಯಿಲೆಗಳಲ್ಲಿ ಮೊದಲು ಕೆಡೋದು ನಡತೆ, ನೆನಪಿನ ಸರದಿ ಆಮೇಲೆ. ಮಿದುಳಿನ ಮುಂಭಾಗ ಮೊದಲು ಸವೆಯುವ ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಅಂಥದ್ದು, ಬಹಳಷ್ಟು ಸಲ 65ರ ಒಳಗೇ ಶುರುವಾಗುತ್ತೆ. ಸಿಹಿಯ ಮೇಲೆ ಹೊಸದಾಗಿ ಆಸೆ ಹುಟ್ಟೋದು, ಇನ್ನೊಬ್ಬರ ಕಷ್ಟಕ್ಕೆ ಮನಸ್ಸು ಕರಗದಿರೋದು ಇದೆಯಾ, ಗಮನಿಸಿ.

ಡಿಮೆನ್ಷಿಯಾ ಅನ್ನೋ ಮಟ್ಟಕ್ಕೆ ಹೋಗದೆ, ವಯಸ್ಸಾದ ಮೇಲೆ ಹೀಗೆ ನಡತೆ ಬದಲಾಗೋ ಸ್ಥಿತಿಗೆ ಮೈಲ್ಡ್ ಬಿಹೇವಿಯರಲ್ ಇಂಪೇರ್‌ಮೆಂಟ್ ಅಂತಾರೆ. 2016ರಲ್ಲಿ ತಜ್ಞರು ಇದಕ್ಕೆ ಮಾನದಂಡ ಗೊತ್ತುಮಾಡಿದರು: 50 ದಾಟಿದ ಮೇಲೆ ಹೊಸದಾಗಿ ಶುರುವಾಗಿರಬೇಕು, ಆರು ತಿಂಗಳಾದರೂ ಬಿಟ್ಟುಬಿಟ್ಟಾದರೂ ಇರಬೇಕು. ಆಸಕ್ತಿ ಬತ್ತೋದು, ಮನಸ್ಸಿನ ಏರುಪೇರು, ತಡೆತವಿಲ್ಲದ ಸಿಟ್ಟು ಇಲ್ಲವೇ ಹಟ, ನಾಲ್ಕು ಜನರ ಮುಂದೆ ಸಲ್ಲದ ವರ್ತನೆ, ಇಲ್ಲದ್ದನ್ನು ನಂಬೋದು ಅಥವಾ ಕಾಣೋದು, ಈ ಐದನ್ನ ನೋಡ್ತೀವಿ. ಇದಕ್ಕಂತಲೇ 34 ಪ್ರಶ್ನೆಗಳ ಪಟ್ಟಿ ಇದೆ. ಹೌದು ಅಂದದ್ದಕ್ಕೆ ತೀವ್ರತೆ ನೋಡಿ 1ರಿಂದ 3 ಅಂಕ. ಸಾಮಾನ್ಯವಾಗಿ ಮನೆಯವರೇ ತುಂಬೋದು. ಹೋಲಿಸಬೇಕಾದ್ದು ಪಕ್ಕದ ಮನೆ ಯಜಮಾನರಿಗಲ್ಲ, ನಿಮ್ಮ ಮಾವನ ಹಳೇ ಸ್ವಭಾವಕ್ಕೆ. ಹುಟ್ಟಾ ಸಿಡುಕರು ಈಗಲೂ ಸಿಡುಕಿದರೆ ಅಂಕವಿಲ್ಲ. ಬೆಲ್ಲದ ರೇಟು ಕೇಳೋದನ್ನ ಬಿಟ್ಟದ್ದು ಮಾತ್ರ ದೊಡ್ಡ ಸುಳಿವು. ದುಃಖವಿಲ್ಲ, ಅಳುವಿಲ್ಲ, ಸುಮ್ಮನೆ ಬೇಕೆನ್ನಿಸೋದೇ ನಿಂತಿದೆ. ಖಿನ್ನತೆಯಲ್ಲಿ ಸಾಮಾನ್ಯವಾಗಿ ಮನುಷ್ಯ ಒಳಗೇ ನೋಯ್ತಿರುತ್ತಾನೆ. ಆದರೂ ಖಿನ್ನತೆ ಅಲ್ಲವೇ ಅಲ್ಲ ಅಂತ ಎದುರಿಗೆ ನೋಡದೆ ಹೇಳಲಾರೆ.

ಇದೆಲ್ಲ ಇದ್ದವರಿಗೆಲ್ಲ ಡಿಮೆನ್ಷಿಯಾ ಬಂದೇ ಬರುತ್ತೆ ಅಂತಲ್ಲ, ಅಪಾಯ ಹೆಚ್ಚು ಅಷ್ಟೆ. ಥೈರಾಯ್ಡ್, ಬಿ12, ಸೋಡಿಯಂ ಮೊದಲು ನೋಡಿಸಿ. ಕಿವಿಯನ್ನೂ ನೋಡಿಸಿ, ಸರಿಯಾಗಿ ಕೇಳಿಸದವರಿಗೆ ಅನುಮಾನ ಜಾಸ್ತಿ. ಕುಡಿತ ಇದ್ದರೆ ಮುಚ್ಚಿಡಬೇಡಿ. ಮಂಡ್ಯದಲ್ಲೇ ಮಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಹೋಗಿ, ಹೆಚ್ಚಿನ ತಪಾಸಣೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ನೋಡಿದ್ದನ್ನ ಚೀಟಿಯಲ್ಲಿ ಬರೆದು ಮೊದಲೇ ವೈದ್ಯರ ಕೈಗೆ ಕೊಡಿ. ಮಾವನ ಎದುರಿಗೇ ಬೀಗರೂಟದ ಕಥೆ ತೆಗೆದರೆ ಮುಂದಿನ ಸಲ ಆಸ್ಪತ್ರೆಗೆ ಬರೋದೇ ಇಲ್ಲ. ಅಚ್ಚಿನ ಮಣೆ ವಿಷಯಕ್ಕೆ ವಾದಕ್ಕೂ ಇಳಿಯಬೇಡಿ. ಜಮೀನಿನ ಕಾಗದಕ್ಕೆ ಯಾರು ಸಹಿ ಹಾಕಿಸ್ತಿದ್ದಾರೆ, ಬ್ಯಾಂಕಿನಿಂದ ದುಡ್ಡು ಎಲ್ಲಿಗೆ ಹೋಗ್ತಿದೆ ಅನ್ನೋದರ ಮೇಲೆ ಮಾತ್ರ ಈಗಿನಿಂದಲೇ ಕಣ್ಣಿಡಿ.

ಪ್ರಶ್ನೆ (ಅವರೇ): ಪಟ್ಟಿ ಯಾರು ತುಂಬಬೇಕು ಸಾರ್? ಅತ್ತೆ ಏನೂ ಬದಲಾಗಿಲ್ಲ ಅಂತಾರೆ. ನಾನು ಬರೆದರೆ ಸೊಸೆ ಚಾಡಿ ಅಂತಾಗುತ್ತೆ.

ಉತ್ತರ: ನೀವೂ ಅತ್ತೆಯೂ ಬೇರೆ ಬೇರೆ ತುಂಬಿ, ಒಬ್ಬರದು ಇನ್ನೊಬ್ಬರು ನೋಡಬೇಡಿ. ಎರಡೂ ಹೊಂದದಿದ್ದರೆ ಅದೂ ನಮಗೆ ಮಾಹಿತಿಯೇ. ಹಬ್ಬಕ್ಕೆ ಮಾತ್ರ ಬರೋ ಮಗಳಿದ್ದರೆ ಅವಳನ್ನೂ ಕೇಳಿ. ದಿನಾ ಜೊತೆಗಿರೋರಿಗೆ ಕಾಣದ್ದು ಅವಳ ಕಣ್ಣಿಗೆ ಬಿದ್ದಿರುತ್ತೆ.

ಪ್ರಶ್ನೆ (ಕುವೆಂಪುನಗರ, ಮೈಸೂರು): ನಮ್ಮಮ್ಮ ಸಂಜೆಯಾದರೆ ಹಾಲ್‌ನ ಉಯ್ಯಾಲೆ ಮೇಲೆ ಮಕ್ಕಳು ಕೂತಿದ್ದಾರೆ ಅಂತಾರೆ. ಹೆದರಿಕೆ ಏನಿಲ್ಲ, ‘ಅವಕ್ಕೂ ತಿಂಡಿ ಕೊಡೋ’ ಅಂತಾರೆ. ಮೆಡಿಕಲ್ ಶಾಪಿನವರು ನಿದ್ದೆ ಮಾತ್ರೆ ಕೊಡ್ತೀನಿ ಅಂದರು.

ಉತ್ತರ: ಮಾತ್ರೆ ಕೊಡಬೇಡಿ. ಎಂದಿನಿಂದ ಅಂತ ಮೊದಲು ಹೇಳಿ. ಎರಡು ದಿನದಲ್ಲಿ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮೂತ್ರದ ಸೋಂಕು, ಜ್ವರ, ಹೊಸ ಮಾತ್ರೆ ಏನಾದರೂ ಇರಬಹುದು, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಿಂಗಳುಗಟ್ಟಲೆ ಇದ್ದರೆ ಕಣ್ಣಿನ ಪೊರೆ ನೋಡಿಸಿ, ಸಂಜೆ ಹಾಲ್‌ಗೆ ಜೋರು ಬೆಳಕು ಹಾಕಿ. ಲ್ಯೂಯಿ ಬಾಡಿ ಡಿಮೆನ್ಷಿಯಾ ಅನ್ನೋ ಇನ್ನೊಂದು ಮರೆವಿನ ಕಾಯಿಲೆಯಲ್ಲಿ ಇಲ್ಲದ್ದು ಹೀಗೆ ಸ್ಪಷ್ಟವಾಗಿ ಕಾಣಿಸುತ್ತೆ, ಅದಿದ್ದವರಿಗೆ ಭ್ರಮೆ ಅಡಗಿಸೋ ಕೆಲವು ಮಾತ್ರೆಗಳು ಮೈಯನ್ನೇ ಬಿಗಿಮಾಡಿ ಮಲಗಿಸಿಬಿಡುತ್ತವೆ. ಮನೆಯಲ್ಲಿರೋ ಮಾತ್ರೆ ಸ್ಟ್ರಿಪ್ ಎಲ್ಲ, ನೆಗಡಿ, ಅಲರ್ಜಿಯದ್ದೂ ಸೇರಿಸಿ, ಒಂದು ಕವರ್‌ಗೆ ಹಾಕಿಕೊಂಡು ಬನ್ನಿ. ಅಷ್ಟರಲ್ಲಿ ಏನಾದರೂ ಕೇಳಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.