ಅಪ್‌ಡೇಟ್: ನನ್ನ ಕಣ್ಣುನೋವಿಗೆ ಕಾರಣ ಹರ್ಪಿಸ್ ಅಲ್ಲ, ನೀರಿನಲ್ಲಿರುವ ಅಕಾಂತಮೀಬಾ ಎಂಬ ಏಕಕೋಶ ಜೀವಿ

ಹರ್ಪಿಸ್ ವೈರಸ್ ಸೋಂಕು ಎಂದು ಮೂರು ವಾರ ಔಷಧಿ ಹಾಕಿದರೂ ಎಡಗಣ್ಣಿನ ನೋವು ಏಕೆ ಇಳಿಯುತ್ತಿಲ್ಲ ಎಂದು ಕೇಳಿದ್ದೆ. ನಿಮ್ಮಲ್ಲೊಬ್ಬರು, ‘ಕಾಂಟ್ಯಾಕ್ಟ್ ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯುತ್ತೀರಾ?’ ಎಂದು ಕೇಳಿದಿರಿ. ಹೌದು, ತೊಳೆಯುತ್ತಿದ್ದೆ. ಆ ಪ್ರಶ್ನೆಗೆ ನಾನು ಋಣಿ.

ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತಜ್ಞರಿಗೆ ಇದನ್ನು ಹೇಳಿದ ಕೂಡಲೇ ಅವರು ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಾರ್ನಿಯಾದೊಳಗೆ ದುಂಡಗೆ ಹೊಳೆಯುವ ಸಿಸ್ಟ್‌ಗಳು, ಅಂದರೆ ಗಟ್ಟಿ ಕವಚದೊಳಗೆ ಅಡಗಿದ ಅಮೀಬಾಗಳು, ಕಂಡವು. ಅಷ್ಟಕ್ಕೇ ನಿಲ್ಲಿಸದೆ, ಕಣ್ಣಿನ ಮೇಲ್ಪದರವನ್ನು ಮೆಲ್ಲಗೆ ಕೆರೆದು ಮಾದರಿ ತೆಗೆದರು. ಅದನ್ನು ಅಮೀಬಾಕ್ಕೆ ಆಹಾರವಾಗುವ ಇ. ಕೋಲಿ ಬ್ಯಾಕ್ಟೀರಿಯಾ ಹರಡಿದ ಅಗರ್ (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ) ತಟ್ಟೆಯಲ್ಲಿಟ್ಟಾಗ ಅಮೀಬಾ ಬೆಳೆಯಿತು. ಕಣ್ಣಿನಲ್ಲಿ ಕಾಣುವ ಗಾಯಕ್ಕಿಂತ ನೋವು ಬಹಳ ಹೆಚ್ಚಿರುವುದೂ ಈ ಸೋಂಕಿನ ಸುಳಿವಂತೆ. ನನಗೆ ಬೆಳಕನ್ನು ನೋಡಲೂ ಆಗುತ್ತಿರಲಿಲ್ಲ.

ಮೊದಲ ಎರಡು ದಿನ ಹಗಲುರಾತ್ರಿ ಗಂಟೆಗೊಮ್ಮೆ 0.02% ಪಿಎಚ್‌ಎಂಬಿ ಮತ್ತು ಕ್ಲೋರ್‌ಹೆಕ್ಸಿಡಿನ್ ಎಂಬ ಅಮೀಬಾ ಕೊಲ್ಲುವ ಹನಿಗಳು. ನಿದ್ದೆಯೇ ಇಲ್ಲ. ಈಗ ದಿನಕ್ಕೆ ನಾಲ್ಕು ಬಾರಿ. ಸಿಸ್ಟ್‌ಗಳು ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ಇನ್ನೂ ಹಲವು ತಿಂಗಳು ಹಾಕಬೇಕು. ನೋವು ಹೋಗಿದೆ, ಮಸುಕು ಉಳಿದಿದೆ. ಲೆನ್ಸ್ ಧರಿಸುವವರೇ, ದಯವಿಟ್ಟು ಅದಕ್ಕೆ ನೀರು ತಾಗಿಸಬೇಡಿ. ರೋಗ ಖಚಿತವಾಗುವ ಮೊದಲು ಸ್ಟೆರಾಯ್ಡ್ ಹನಿಯನ್ನು ನೀವಾಗಿಯೇ ಹಾಕಿಕೊಳ್ಳಬೇಡಿ.