ಹೆಲ್ಮೆಟ್ ಸ್ಪೀಕರ್ ಫುಲ್ ವಾಲ್ಯೂಮ್ ಇಟ್ಟರೂ 70 ದಾಟಿದರೆ ಹಾಡು ಕೇಳಿಸುತ್ತಿಲ್ಲ, ಕಿವಿ ಬೇರೆ ನೋವು

ಎರಡನೇ_ಗೇರ್:
ಎಲ್ಲರಿಗೂ ನಮಸ್ಕಾರ. ಒಂದು ತಿಂಗಳ ಹಿಂದೆ ನನ್ನ ಫುಲ್ ಫೇಸ್ ಹೆಲ್ಮೆಟ್ಟಿಗೆ ಬ್ಲೂಟೂತ್ ಸ್ಪೀಕರ್ ಸೆಟ್ ಹಾಕಿದೆ. ಬೈಕ್ ನಿಂತಿದ್ದಾಗ ಸೊಗಸಾಗಿ ಕೇಳಿಸುತ್ತದೆ. 50 ಕಿ.ಮೀ. ವೇಗದವರೆಗೂ ಪರವಾಗಿಲ್ಲ. 70 ದಾಟಿದ ಕೂಡಲೇ ಬೇಸ್ ಪೂರ್ತಿ ಮಾಯ. ಗಾಯಕರ ದನಿ ಮಾತ್ರ ಪಕ್ಕದ ಬೀದಿಯ ಲೌಡ್‌ಸ್ಪೀಕರ್‌ನಿಂದ ಬಂದ ಹಾಗಿರುತ್ತದೆ. 90ಕ್ಕೆ ಅದೂ ಇಲ್ಲ, ಬರೀ ಗಾಳಿ.

ಮೊಬೈಲ್ ವಾಲ್ಯೂಮ್ ಫುಲ್, ಹೆಲ್ಮೆಟ್ ಯೂನಿಟ್ ವಾಲ್ಯೂಮ್ ಕೂಡ ಫುಲ್. ಎರಡು ಗಂಟೆ ಓಡಿಸಿ ಇಳಿದರೆ ಕಿವಿಯೊಳಗೆ ಗುಂಯ್ ಅನ್ನುತ್ತದೆ, ರಾತ್ರಿ ಮಲಗುವ ತನಕ ಹೋಗುವುದಿಲ್ಲ. ಬಲಗಿವಿಯ ಮೇಲಿನ ಅಂಚು ಕೆಂಪಾಗಿ ಉರಿಯುತ್ತದೆ. ಇಯರ್‌ಬಡ್ ಕೂಡ ನೋಡಿದೆ. ಹೆಲ್ಮೆಟ್ ಹಾಕುವಾಗಲೇ ಕಿತ್ತುಕೊಂಡು ಬರುತ್ತದೆ. ಇನ್ನೂ ಜೋರಾದ ಸ್ಪೀಕರ್ ತೆಗೆದುಕೊಳ್ಳಲಾ? ಯಾವ ಸೈಜ್ ಒಳ್ಳೆಯದು?

ಫುಲ್_ಥ್ರಾಟಲ್:
ಗುರು, 40 ಮಿ.ಮೀ. ಸ್ಪೀಕರ್ ಹಾಕಿ, ಮುಗೀತು. ಜಾಗ ಸಾಲದಿದ್ದರೆ ಒಳಗಿನ ಥರ್ಮಾಕೋಲ್ ಸ್ವಲ್ಪ ಕೆತ್ತಿ. ನಾನು ಹಾಗೇ ಮಾಡಿದ್ದೇನೆ, ಸೂಪರ್ ಆಗಿದೆ.

ಹಳೇ_ಕ್ಲಚ್:
ಮೊದಲು ಥರ್ಮಾಕೋಲ್ ವಿಷಯ. ದಯವಿಟ್ಟು ಯಾರೂ ಕೆತ್ತಬೇಡಿ. ಬಿದ್ದಾಗ ಪೆಟ್ಟನ್ನು ನುಂಗುವುದು ಅದೇ ಪದರ, ಹೊರಗಿನ ಗಟ್ಟಿ ಚಿಪ್ಪು ಒಂದೇ ಅಲ್ಲ. ಅದು ಕುಗ್ಗಿ ನಿಮ್ಮ ತಲೆಗೆ ಬರುವ ಹೊಡೆತವನ್ನು ತಗ್ಗಿಸಬೇಕು. ಸ್ಪೀಕರ್‌ಗೆ ಜಾಗ ಬಿಟ್ಟಿರುವ ಹೆಲ್ಮೆಟ್‌ಗಳಲ್ಲಿ ಕಿವಿಯ ಹತ್ತಿರ ದುಂಡನೆಯ ಗುಳಿ ಇರುತ್ತದೆ. ಅಷ್ಟರಲ್ಲಿ ಕೂತರೆ ಸರಿ, ಇಲ್ಲದಿದ್ದರೆ ಸಣ್ಣ ಸ್ಪೀಕರ್ ಹಾಕಿ. ಫುಲ್_ಥ್ರಾಟಲ್ ಅವರೇ, ನೀವೂ ಆ ಹೆಲ್ಮೆಟ್ ಬದಲಾಯಿಸಿದರೆ ಒಳ್ಳೆಯದು.

ಎರಡನೇ_ಗೇರ್ ಅವರೇ, ನಿಮ್ಮ ಪೋಸ್ಟ್‌ನಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಹಾಡು ಕೇಳಿಸದಿರುವುದಲ್ಲ, ಆ ಗುಂಯ್. ಕಿವಿಗೆ ತಡೆಯಲಾಗದಷ್ಟು ಸದ್ದು ಬಿದ್ದಿದೆ ಎಂದು ಅದರ ಅರ್ಥ. ಇಂದು ರಾತ್ರಿಗೆ ಹೋಗುತ್ತದೆ, ಹೀಗೇ ನಡೆದರೆ ಒಂದು ದಿನ ಹೋಗುವುದಿಲ್ಲ.

ಸುಮಾರು 60-65 ಕಿ.ಮೀ. ವೇಗ ದಾಟಿದ ಮೇಲೆ ಎಂಜಿನ್‌ಗಿಂತ ಗಾಳಿಯ ಸದ್ದೇ ಹೆಚ್ಚು. 80ರಿಂದ 100ರಲ್ಲಿ ಹೆಲ್ಮೆಟ್ ಒಳಗೆ 90ರಿಂದ 100 ಡೆಸಿಬೆಲ್ ಸಾಮಾನ್ಯ. ಒಳ್ಳೆಯ ಹೆಲ್ಮೆಟ್ ಆದರೂ ಅಷ್ಟೇ. ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ 3 ಡೆಸಿಬೆಲ್ ಏರಿದಾಗೆಲ್ಲ ಸಮಯ ಅರ್ಧ. ಲೆಕ್ಕ ಹಾಕಿ: 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಇದು ಹಾಡು ಹಾಕುವ ಮೊದಲಿನ ಲೆಕ್ಕ! ಅದರ ಮೇಲೆ ಹಾಡು ಕೇಳಿಸಬೇಕು ಎಂದರೆ ಇನ್ನೂ ಜೋರು ಬೇಕು. ಬೇಸ್ ಮೊದಲು ಮಾಯವಾಗುವುದಕ್ಕೂ ಕಾರಣ ಗಾಳಿಯೇ. ಅದರ ಸದ್ದಿನ ಬಹುಪಾಲು 500 ಹರ್ಟ್ಸ್‌ಗಿಂತ ಕೆಳಗಿನದು. ನಿಮ್ಮ ಬೇಸ್ ಇರುವುದೂ ಅಲ್ಲೇ.

ಹಾಗಾಗಿ ಹೊಸ ಸ್ಪೀಕರ್ ಸದ್ಯಕ್ಕೆ ಬೇಡ. ಎರಡು ಸುಲಭದ ಪರೀಕ್ಷೆ ಮಾಡಿ ಬಂದು ಹೇಳಿ.

ಬೈಕ್ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡು, ಮಧ್ಯಮ ವಾಲ್ಯೂಮ್‌ನಲ್ಲಿ ಹಾಡು ಹಚ್ಚಿ. ಎರಡೂ ಅಂಗೈಯಿಂದ ಹೆಲ್ಮೆಟ್‌ನ ಎರಡು ಬದಿ ಒತ್ತಿ ಹಿಡಿಯಿರಿ. ಹಾಡು ತಟ್ಟನೆ ತುಂಬಿಕೊಂಡು, ಬೇಸ್ ಬಂದರೆ ನಿಮ್ಮ ಸ್ಪೀಕರ್ ಕಿವಿಯಿಂದ ದೂರ ಕೂತಿದೆ ಎಂದೇ ಅರ್ಥ.

ಎರಡನೆಯದು ಖಾಲಿ, ನೇರ ರಸ್ತೆಯಲ್ಲಿ. 70ರಲ್ಲಿ ಹೋಗುತ್ತಾ ಒಮ್ಮೆ ತಲೆ ತಗ್ಗಿಸಿ ವಿಂಡ್‌ಸ್ಕ್ರೀನ್ ಹಿಂದೆ ಬನ್ನಿ, ಆಮೇಲೆ ಸೀಟಿನಿಂದ ಒಂದಿಷ್ಟು ಮೇಲೇಳಿ. ಎಲ್ಲಿ ಸದ್ದು ಕಡಿಮೆ ಆಗುತ್ತದೆ ನೋಡಿ. ಹಾಡು ಆಫ್ ಇರಲಿ.

ಹಿಂದಿನ_ಸೀಟು:
ಇಯರ್‌ಬಡ್ ಕಿತ್ತು ಬರುವ ವಿಷಯಕ್ಕೆ ನಾನು ಹೇಳುತ್ತೇನೆ, ಆರು ತಿಂಗಳು ಒದ್ದಾಡಿದ್ದೇನೆ. ಹೊರಗೆ ಉಬ್ಬಿಕೊಂಡಿರುವ ಬಡ್ ಹೆಲ್ಮೆಟ್‌ಗೆ ಆಗುವುದೇ ಇಲ್ಲ. ಕಿವಿಯ ಬಟ್ಟಲೊಳಗೆ ಪೂರ್ತಿ ಕೂತು, ಚರ್ಮದ ಮಟ್ಟಕ್ಕೆ ಬರುವಂಥದ್ದು ಬೇಕು. ತುದಿಗೆ ಸಿಲಿಕೋನ್ ಬದಲು ಫೋಮ್ ಟಿಪ್ ಹಾಕಿ. ಬೆರಳಲ್ಲಿ ಹಿಂಡಿ ಒಳಗಿಟ್ಟರೆ ಅದು ಹಿಗ್ಗಿ ಹಿಡಿದುಕೊಳ್ಳುತ್ತದೆ, ಗಾಳಿಯನ್ನೂ ತಡೆಯುತ್ತದೆ. ಬಡ್ ಹಾಕಿದ ಮೇಲೆ ತೆಳ್ಳನೆಯ ಬಲಾಕ್ಲಾವಾ (ತಲೆ, ಕಿವಿ, ಕತ್ತು ಮುಚ್ಚುವ ಬಟ್ಟೆಯ ಮುಸುಕು), ಅದರ ಮೇಲೆ ಹೆಲ್ಮೆಟ್. ಹಾಕುವಾಗ ಎರಡೂ ಸ್ಟ್ರಾಪ್ ಹೊರಕ್ಕೆ ಎಳೆದು ಬಾಯಿ ಅಗಲಿಸಿ. ಬಟ್ಟೆ ಜಾರುತ್ತದೆ, ಬಡ್ ಅಲ್ಲಾಡುವುದಿಲ್ಲ.

ಟಚ್ ಕಂಟ್ರೋಲ್ ಆಫ್ ಮಾಡುವುದು ಮರೀಬೇಡಿ. ಕೆನ್ನೆಯ ಪ್ಯಾಡ್ ತಾಗಿ ಒಂದು ಸಲ ಕಾಲ್ ತಾನೇ ಎತ್ತಿಕೊಂಡಿತ್ತು. ನಾನು ಹೆಲ್ಮೆಟ್ ಒಳಗೆ ಗಂಟಲು ಬಿಟ್ಟು ಹಾಡುತ್ತಿದ್ದುದನ್ನು ನಮ್ಮ ಅತ್ತೆ ಒಂದು ಚರಣ ಪೂರ್ತಿ ಕೇಳಿಸಿಕೊಂಡಿದ್ದರು.

ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಆನ್, ಆಫ್ ಎರಡೂ ಮಾಡಿ ನೋಡಿ. ಹೊರಗಿನ ಮೈಕ್‌ಗೆ ಪ್ಯಾಡ್ ಉಜ್ಜಿದರೆ ದಬದಬ ಅನ್ನುತ್ತದೆ, ಆಗ ಆಫ್ ಇರುವುದೇ ಮೇಲು. ಇನ್ನೊಂದು: ಕೆಲವು ಕಡೆ ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ಓಡಿಸುವುದಕ್ಕೆ ಕಾನೂನಿನ ತಡೆ ಇದೆ. ನಿಮ್ಮಲ್ಲಿ ಹೇಗೆ ಎಂದು ನೋಡಿಕೊಳ್ಳಿ.

ಎರಡನೇ_ಗೇರ್:
ಎರಡೂ ಪರೀಕ್ಷೆ ಮಾಡಿದೆ. ಅಂಗೈ ಒತ್ತಿದರೆ ಎಡಗಡೆ ಬೇಸ್ ದಬಕ್ಕನೆ ಬಂತು! ಬಲಗಡೆ ಏನೂ ವ್ಯತ್ಯಾಸ ಇಲ್ಲ, ನೋವು ಮಾತ್ರ ಜಾಸ್ತಿ ಆಯಿತು. ರಸ್ತೆಯಲ್ಲಿ ಮೇಲೆದ್ದಾಗ ಗಾಳಿ ಎದೆಗೆ ಹೊಡೆಯಿತು, ಆದರೆ ಹೆಲ್ಮೆಟ್ ಒಳಗೆ ಆ ಗುಡುಗು ಕಡಿಮೆ ಆಯಿತು. ನನಗೆ ನಂಬಲಿಕ್ಕೇ ಆಗಲಿಲ್ಲ. ಕಳೆದ ವರ್ಷ ಗಾಳಿ ತಡೆಯಲಿ ಅಂತಲೇ ಒಂದು ಎತ್ತರದ ಸ್ಕ್ರೀನ್ ಹಾಕಿಸಿದ್ದೆ.

ಹಳೇ_ಕ್ಲಚ್:
ಅಲ್ಲೇ ಇದೆ ನೋಡಿ. ಸ್ಕ್ರೀನ್‌ನ ಮೇಲಿನ ಅಂಚು ದಾಟಿದ ಗಾಳಿ ಸುಳಿಸುಳಿಯಾಗಿ ಬರುತ್ತದೆ. ಆ ಸುಳಿ ಸರಿಯಾಗಿ ನಿಮ್ಮ ಗದ್ದದ ಕೆಳಗೆ ಹೊಡೆಯುತ್ತಿದೆ. ಹೆಲ್ಮೆಟ್‌ಗೆ ಸದ್ದು ನುಗ್ಗುವ ದೊಡ್ಡ ಬಾಗಿಲೇ ಅದು, ಗದ್ದ ಮತ್ತು ಕತ್ತಿನ ಹತ್ತಿರದ ತೆರಪು. ಸುಳಿಯಿಲ್ಲದ ನೇರ ಗಾಳಿ ತಲೆಗೆ ಬಡಿದರೂ ಇಷ್ಟು ಗುಡುಗುವುದಿಲ್ಲ. ಸ್ಕ್ರೀನ್ ತಗ್ಗಿಸಲು ಬಂದರೆ ತಗ್ಗಿಸಿ, ಇಲ್ಲದಿದ್ದರೆ ಒಂದು ದಿನ ಬಿಚ್ಚಿಟ್ಟು ಓಡಿಸಿ ನೋಡಿ. ಗದ್ದದ ಕೆಳಗೆ ಹಾಕುವ ಬಟ್ಟೆಯ ಪರದೆ ಹೆಲ್ಮೆಟ್ ಜೊತೆ ಬಂದಿದ್ದರೆ ಡಬ್ಬಿಯಿಂದ ಹುಡುಕಿ ತೆಗೆಯಿರಿ. ತುಂಬಾ ಜನ ಅದನ್ನು ಹಾಕುವುದೇ ಇಲ್ಲ. ವೈಸರ್ ಸುತ್ತಲಿನ ರಬ್ಬರ್ ಕೂಡ ನೋಡಿ.

ಇನ್ನು ಸ್ಪೀಕರ್. ಹೆಲ್ಮೆಟ್ ಹಾಕಿಕೊಂಡು ಪ್ಯಾಡ್ ಸಂದಿಯಲ್ಲಿ ತೋರುಬೆರಳು ತೂರಿಸಿ, ಕಿವಿಯ ತೂತು ಎಲ್ಲಿದೆ, ಸ್ಪೀಕರ್‌ನ ನಡು ಎಲ್ಲಿದೆ ಮುಟ್ಟಿ ನೋಡಿ. ಕಣ್ಣಳತೆ ನಂಬಬೇಡಿ. ಒಂದು ಸೆಂಟಿಮೀಟರ್ ಆಚೆ ಈಚೆ ಆದರೂ ಸದ್ದು ಬಿದ್ದುಹೋಗುತ್ತದೆ. ಎಡಗಡೆ ಹಿಂದೆ ವೆಲ್ಕ್ರೋ ಅಥವಾ ಫೋಮ್ ತುಂಡು ಕೊಟ್ಟು ಮುಂದಕ್ಕೆ ತನ್ನಿ. ಬಲಗಡೆ ಅದಕ್ಕೆ ಉಲ್ಟಾ, ಗುಳಿಯ ಒಳಕ್ಕೆ ಹೋಗಲಿ. ಕಿವಿಗೆ ಸುಮ್ನೆ ಸೋಕಬೇಕು, ಒತ್ತಬಾರದು. ಮನೆಯಲ್ಲಿ ಅರ್ಧ ಗಂಟೆ ಹೆಲ್ಮೆಟ್ ಹಾಕಿಕೊಂಡು ಕೂರಿ. ಮನೆಯವರು ನಗುತ್ತಾರೆ, ನಗಲಿ. ಒತ್ತುವ ಜಾಗ ಇಪ್ಪತ್ತು ನಿಮಿಷವಾದ ಮೇಲೇ ಗೊತ್ತಾಗುವುದು.

ಕೊನೆಯದಾಗಿ ಇಯರ್ ಪ್ಲಗ್, ಅಂದರೆ ಸದ್ದು ತಗ್ಗಿಸಲು ಕಿವಿಯೊಳಗೆ ಇಡುವ ಬಿರಡೆ.

ಎರಡನೇ_ಗೇರ್:
ಪ್ಲಗ್ ಹಾಕಿದರೆ ಹಾಡೂ ಹೋಗುವುದಿಲ್ವಾ? ಹಾರ್ನ್?

ಹಳೇ_ಕ್ಲಚ್:
ಎಲ್ಲರೂ ಮೊದಲು ಕೇಳುವುದು ಇದನ್ನೇ. ಪ್ಲಗ್ ಹಾಡು, ಗಾಳಿ, ಹಾರ್ನ್ ಎಲ್ಲವನ್ನೂ ತಗ್ಗಿಸುತ್ತದೆ, ಮಾಯ ಮಾಡುವುದಿಲ್ಲ. 95 ಡೆಸಿಬೆಲ್ ಸುರಿಯುತ್ತಿದ್ದಾಗ ಕಿವಿ ಒಂದು ಸದ್ದಿನಿಂದ ಇನ್ನೊಂದನ್ನು ಬಿಡಿಸಿಕೊಳ್ಳಲಾರದೆ ಸೋಲುತ್ತದೆ. ಒಟ್ಟು ಮಟ್ಟ 70-75ಕ್ಕೆ ಇಳಿದರೆ ಮತ್ತೆ ಬಿಡಿಸಿಕೊಳ್ಳುತ್ತದೆ. ಹೆದ್ದಾರಿ ವೇಗದಲ್ಲಿ ನನಗೆ ಪ್ಲಗ್ ಇದ್ದಾಗಲೇ ಹಾರ್ನ್ ಚೆನ್ನಾಗಿ ತಿಳಿಯುತ್ತದೆ.

ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಫೋಮ್ ಪ್ಲಗ್ ಮೇಲಿನ ಸ್ವರಗಳನ್ನು ಜಾಸ್ತಿ ಕತ್ತರಿಸುತ್ತದೆ, ಹಾಡು ಕಂಬಳಿ ಹೊದ್ದ ಹಾಗಾಗುತ್ತದೆ. ಮೊಬೈಲ್‌ನ ಈಕ್ವಲೈಜರ್‌ನಲ್ಲಿ ಬೇಸ್ ಇಳಿಸಿ, 2ರಿಂದ 4 ಕಿಲೋಹರ್ಟ್ಸ್ ಸ್ವಲ್ಪ ಏರಿಸಿ. ಅದೂ ಸಾಲದಿದ್ದರೆ ಫಿಲ್ಟರ್ ಇರುವ ಪ್ಲಗ್ ಸಿಗುತ್ತದೆ, ಅದು ಎಲ್ಲಾ ಸ್ವರವನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ಹಿಂದಿನ_ಸೀಟು ಅವರ ಫೋಮ್ ಟಿಪ್ ದಾರಿಗೆ ಈ ತಾಪತ್ರಯವೇ ಇಲ್ಲ, ಅಲ್ಲಿ ಹಾಡು ತಡೆಯ ಒಳಗಡೆಯೇ ಹುಟ್ಟುತ್ತದೆ. ಆದರೆ ಅಲ್ಲಿ ವಾಲ್ಯೂಮ್ ಏರಿಸಿದರೆ ಏಟು ನೇರ ಕಿವಿಗೆ.

ಫೋಮ್ ಪ್ಲಗ್ ಹಾಕುವ ರೀತಿ: ಬೆರಳಲ್ಲಿ ಹೊಸೆದು ಬತ್ತಿಯ ಹಾಗೆ ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗಿಟ್ಟು ಅರ್ಧ ನಿಮಿಷ ಬೆರಳಲ್ಲಿ ಹಿಡಿದಿರಿ. ಎದುರಿಗಿರುವವರಿಗೆ ಪ್ಲಗ್‌ನ ಬಹುಪಾಲು ಹೊರಗೆ ಕಂಡರೆ ಅದು ಒಳಗೆ ಹೋಗಿಲ್ಲ. ಊರೊಳಗಿನ ಟ್ರಾಫಿಕ್‌ನಲ್ಲಿ ನಾನು ಹಾಡು ಹಾಕುವುದೇ ಇಲ್ಲ.

ತಂತಿ_ಗಂಟು:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಹಾಡಿನ ಜೊತೆ ಕೀಂ ಎಂದು ಸಣ್ಣ ಕೂಗು ಬರುತ್ತದೆ. ಎಂಜಿನ್ ರೇಸ್ ಮಾಡಿದರೆ ಅದೂ ಏರುತ್ತದೆ. ಮೊಬೈಲ್ ಬೈಕ್‌ನ ಚಾರ್ಜರ್‌ನಲ್ಲಿದೆ, ಹೆಲ್ಮೆಟ್ ಯೂನಿಟ್ ಕೂಡ ಅದರಲ್ಲೇ. ಎರಡರ ನಡುವೆ ಹಾಡು ಸಾಗಿಸಲು ಆಕ್ಸ್ ವೈರ್.

ಹಳೇ_ಕ್ಲಚ್:
ಗ್ರೌಂಡ್ ಲೂಪ್. ಎರಡೂ ಒಂದೇ ಚಾರ್ಜರ್‌ಗೆ ಸಿಕ್ಕಿಸಿ ವೈರ್‌ನಿಂದಲೂ ಜೋಡಿಸಿದ್ದೀರಿ, ಬೈಕಿಗೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನ ಸದ್ದು ಸುತ್ತಿ ಬರುತ್ತಿದೆ. ಒಂದನ್ನು ಚಾರ್ಜರ್‌ನಿಂದ ಕಿತ್ತು ನೋಡಿ, ಕೂಗು ನಿಂತರೆ ಖಾತ್ರಿ. ಆ ಒಂದಕ್ಕೆ ಪವರ್ ಬ್ಯಾಂಕ್ ಕೊಡಿ, ಇಲ್ಲವೇ ಆಕ್ಸ್ ವೈರ್ ನಡುವೆ ಆ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ.

ಎರಡನೇ_ಗೇರ್:
ಸ್ಪೀಕರ್ ಸರಿಸಿದೆ. ಎಡಗಡೆಯದು ಒಂದೂವರೆ ಸೆಂಟಿಮೀಟರ್ ಹಿಂದೆ ಇತ್ತು! ಸ್ಕ್ರೀನ್ ಕೆಳಗಿನ ತೂತಿಗೆ ಇಳಿಸಿದೆ. ತುಂಬಾ ವ್ಯತ್ಯಾಸ ಇದೆ. ಆದರೆ ಹೊಸ ತಲೆನೋವು. ಮ್ಯಾಪ್‌ನ ಅಕ್ಕ "ಎಡಕ್ಕೆ ತಿರುಗಿ" ಎಂದಾಗೆಲ್ಲ ಹಾಡು ನಿಂತು, ಅವಳ ದನಿ ಹಳೇ ಲ್ಯಾಂಡ್‌ಲೈನ್ ಥರ ಬರುತ್ತದೆ. ಕೆಲವು ಸಲ ಹಾಡು ವಾಪಸ್ ಬಂದರೂ ಆ ಡಬ್ಬಾ ಸೌಂಡ್‌ನಲ್ಲೇ ಉಳಿಯುತ್ತದೆ. ಜೊತೆಗೆ ನಡುನಡುವೆ ಕಟ್ ಕಟ್.

ಹಿಂದಿನ_ಸೀಟು:
ಬ್ಲೂಟೂತ್‌ಗೆ ಎರಡು ದಾರಿ ಇವೆ. ಹಾಡಿಗೆ ಎ2ಡಿಪಿ, ಅದು ಸ್ಟೀರಿಯೊ. ಫೋನ್ ಮಾತಿಗೆ ಎಚ್‌ಎಫ್‌ಪಿ, ಅದು ಮೊನೊ, ಮೈಕ್ ಕೂಡ ತೆರೆದಿರುತ್ತದೆ. ನಿಮ್ಮ ಮ್ಯಾಪ್ ತನ್ನ ಮಾತನ್ನು ಫೋನ್ ಕಾಲ್ ಎಂಬಂತೆ ಕಳಿಸುತ್ತಿದೆ. ಮ್ಯಾಪ್‌ನ ಧ್ವನಿ ಸೆಟ್ಟಿಂಗ್‌ನಲ್ಲಿ ಅಂಥ ಆಯ್ಕೆ ಇದ್ದರೆ ಆಫ್ ಮಾಡಿ. ವಾಯ್ಸ್ ಅಸಿಸ್ಟೆಂಟ್ ಮೈಕ್ ಹಿಡಿದುಕೊಂಡಿದ್ದರೂ ಹೀಗೇ ಆಗುತ್ತದೆ.

ಕಟ್ ಆಗುವುದಕ್ಕೆ: ಮೊಬೈಲ್ ಎಲ್ಲಿಟ್ಟಿದ್ದೀರಿ? ಪ್ಯಾಂಟಿನ ಹಿಂದಿನ ಜೇಬಾ?

ಎರಡನೇ_ಗೇರ್:
ಹೌದು. ಹೇಗೆ ಗೊತ್ತಾಯಿತು?

ಹಿಂದಿನ_ಸೀಟು:
ನಾನೂ ಅಲ್ಲೇ ಇಡುತ್ತಿದ್ದೆ. 2.4 ಗಿಗಾಹರ್ಟ್ಸ್ ಸಿಗ್ನಲ್ ಅನ್ನು ನಮ್ಮ ಮೈ ಹೀರಿಕೊಳ್ಳುತ್ತದೆ. ಯೂನಿಟ್ ಹೆಲ್ಮೆಟ್‌ನ ಎಡಕ್ಕೆ, ಮೊಬೈಲ್ ಬಲ ಹಿಂಬದಿಗೆ ಎಂದರೆ ನಡುವೆ ನೀವು ಪೂರ್ತಿ ಅಡ್ಡ. ಜಾಕೆಟ್‌ನ ಎದೆ ಜೇಬಿಗೆ ಹಾಕಿ. ಹ್ಯಾಂಡಲ್ ಮೇಲೆ ಕಟ್ಟುವುದಾದರೆ ನಡುಕ ತಡೆಯುವ ಮೌಂಟ್ ಇರಲಿ. ಬೈಕಿನ ನಡುಕದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಎಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು.

ತಂತಿ_ಗಂಟು:
ಮೊಬೈಲನ್ನು ಪವರ್ ಬ್ಯಾಂಕ್‌ಗೆ ಹಾಕಿದೆ. ಕೂಗು ನಿಂತಿತು. ಥ್ಯಾಂಕ್ಸ್ ಸರ್.

ಎರಡನೇ_ಗೇರ್:
ಭಾನುವಾರ ಎರಡೂವರೆ ಗಂಟೆ ಓಡಿಸಿ ಬಂದೆ, ಫಿಲ್ಟರ್ ಪ್ಲಗ್ ಹಾಕಿ. ವಾಲ್ಯೂಮ್ ಅರ್ಧಕ್ಕಿಂತ ಒಂದು ಕಡ್ಡಿ ಮೇಲೆ, ಅಷ್ಟೇ. 80ರಲ್ಲಿ ಕೊಳಲಿನ ಸಣ್ಣ ಗಮಕವೂ ತಿಳಿಯಿತು. ಆಲಾಪ ಮಾತ್ರ ಈಗಲೂ ಗಾಳಿಯಲ್ಲಿ ಕರಗುತ್ತದೆ, ಅದನ್ನು ಮನೆಗೇ ಬಿಟ್ಟೆ. ಇಳಿದಾಗ ಗುಂಯ್ ಇಲ್ಲ, ಕಿವಿ ಕೆಂಪಾಗಿಲ್ಲ. ಹೊಸ ಸ್ಪೀಕರ್ ತೆಗೆದುಕೊಂಡಿಲ್ಲ. ಶೀರ್ಷಿಕೆಗೆ "ಪರಿಹಾರವಾಗಿದೆ" ಎಂದು ಸೇರಿಸಲು ಅಡ್ಮಿನ್ ಅವರಿಗೆ ಕೇಳಿದ್ದೇನೆ.

ಆದರೆ ಒಂದು ಮಾತು ಹಳೇ_ಕ್ಲಚ್ ಸರ್. ಗಾಳಿ ಸದ್ದು ಕಡಿಮೆಯಾದ ಮೇಲೆ ಹಿಂದಿನಿಂದ ಟಕ್ ಟಕ್ ಎಂದು ಕೇಳಿಸುತ್ತಿದೆ, ಹಾಡು ನಿಲ್ಲಿಸಿದರೂ ಇದೆ. ವೇಗದ ಜೊತೆ ಏರುತ್ತದೆ, ಕ್ಲಚ್ ಹಿಡಿದರೂ ನಿಲ್ಲುವುದಿಲ್ಲ. ಚೈನ್ ಅಂತ ಅನುಮಾನ. ಎಷ್ಟು ದಿನದಿಂದ ಇತ್ತೋ ಏನೋ. ಬೇರೆ ಥ್ರೆಡ್ ಹಾಕಲಾ?

ಹಳೇ_ಕ್ಲಚ್:
ಹಾಕಿ. ಅದಕ್ಕೆ ಮೊದಲು ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ ಚೈನ್ ಒಂದೇ ಸಮ ಬಿಗಿ ಇದೆಯಾ ನೋಡಿ. ಒಂದು ಕಡೆ ಸಡಿಲ, ಒಂದು ಕಡೆ ಬಿಗಿ ಇದ್ದರೆ ಫೋಟೊ ಸಮೇತ ಬರೆಯಿರಿ.